ದುಮ್ಲಾವ್ ದಂಪತಿಗಳ ಸಂಖ್ಯಾಶಾಸ್ತ್ರ

ಜುಲೈ ಹದಿನೈದನೇ ತಾರೀಖು ಬೆಳಿಗ್ಗೆ ಆರೂವರೆಗೆ ಪ್ರುಡೆನ್ಸಿಯೊ ದುಮ್ಲಾವ್ ಹಿತ್ತಲ ನಲ್ಲಿಯ ಬಳಿ ಹಲ್ಲುಜ್ಜುತ್ತ ಫೋನು ನೋಡಿದ. ವಿಶ್ವವಿದ್ಯಾಲಯದಿಂದ ಇಮೇಲ್ ಬಂದಿತ್ತು. ನಿಮ್ಮ ಕಮ್ಯುನಿಟಿ ಕಾಲೇಜಿನ ಅಂಕಪಟ್ಟಿ ತಲುಪಿದೆ. ಮಣ್ಣುವಿಜ್ಞಾನಕ್ಕೆ ಸೇರಲು ಕಡ್ಡಾಯವಾದ ಹನ್ನೊಂದು ವಿಷಯಗಳಲ್ಲಿ ಹತ್ತು ಮಾತ್ರ ಅದರಲ್ಲಿವೆ. ನೀವು ಅರ್ಜಿಯಲ್ಲಿ ಬರೆದಿದ್ದ ಸಂಖ್ಯಾಶಾಸ್ತ್ರ ಎಲ್ಲೂ ಕಾಣುತ್ತಿಲ್ಲ. ಇಂದು ಸಂಜೆ ಐದರೊಳಗೆ ಸರಿಯಾದ ಅಂಕಪಟ್ಟಿ ಬಾರದಿದ್ದರೆ ನಿಮ್ಮ ಸೀಟು ರದ್ದು. ಕೊನೆಯಲ್ಲಿ, ನಿಮ್ಮ ದಿನ ಶುಭವಾಗಿರಲಿ ಎಂದೂ ಇತ್ತು.

ಪ್ರುಡೆನ್ಸಿಯೊ ಬಾಯಲ್ಲಿದ್ದ ಪೇಸ್ಟನ್ನು ಹಾಗೇ ನುಂಗಿದ.

ಅವನಿಗೆ ಐವತ್ತಮೂರು. ಮೂವತ್ತು ವರ್ಷದಿಂದ ಬೇರೆಯವರ ದ್ರಾಕ್ಷಿತೋಟಕ್ಕೆ ನೀರು ಬಿಡುವ ಕೆಲಸ. ಒಂಬತ್ತು ವರ್ಷದಿಂದ ಕೆಲಸ ಮುಗಿಸಿ, ಮುಖ ತೊಳೆದು, ಸಂಜೆಯ ಕಾಲೇಜಿಗೆ ಹೋಗಿ ಟರ್ಮಿಗೊಂದರಂತೆ ವಿಷಯಗಳನ್ನು ಮುಗಿಸುತ್ತ ಬಂದಿದ್ದ. ಸಮುದ್ರ ದಾಟಿ ದುಡಿಯಲು ಬಂದ ನಮ್ಮಂಥವರ ಈ ಕಣಿವೆಯಲ್ಲಿ ಬಡವರು ಓದುವ ದಾರಿ ಇದು: ಮೊದಲರ್ಧ ಕಮ್ಯುನಿಟಿ ಕಾಲೇಜಿನಲ್ಲಿ, ಉಳಿದರ್ಧ ವಿಶ್ವವಿದ್ಯಾಲಯದಲ್ಲಿ. ನಡುವೆ ಒಂದು ಸೇತುವೆ. ಆ ಸೇತುವೆಯ ಹಲಗೆಗಳನ್ನು ಮಾತ್ರ ವರ್ಷಕ್ಕೊಮ್ಮೆ ಕಿತ್ತು ಬೇರೆ ಜೋಡಿಸುತ್ತಾರೆ. ಮುಂದಿನ ವರ್ಷದಿಂದ ಮಣ್ಣುವಿಜ್ಞಾನಕ್ಕೆ ಭೌತಶಾಸ್ತ್ರವೂ ಬೇಕು, ಎರಡು ಭಾಗ ಕ್ಯಾಲ್ಕುಲಸ್ಸೂ ಬೇಕು. ಅಂದರೆ ಇವತ್ತು ತಪ್ಪಿದರೆ ಇನ್ನೆರಡು ಮೂರು ವರ್ಷ. ಪ್ರುಡೆನ್ಸಿಯೊನ ಮಂಡಿಗಳು ಅಷ್ಟು ಕಾಯುವ ಸ್ಥಿತಿಯಲ್ಲಿರಲಿಲ್ಲ.

ಆದರೆ ಸಂಖ್ಯಾಶಾಸ್ತ್ರ, ವಿದ್ಯಾರ್ಥಿಗಳ ಬಾಯಲ್ಲಿ ಸ್ಟ್ಯಾಟ್, ಅವನು ಓದಿದ್ದ. ಮೂರು ವರ್ಷದ ಹಿಂದೆ ಓದಿದ್ದ, ಪರೀಕ್ಷೆ ಬರೆದಿದ್ದ. ಮೇಷ್ಟ್ರು ಕಜಾರಿಯನ್ ಕಾಲೇಜಿನ ಮೊಗಸಾಲೆಯಲ್ಲಿ ಎದುರಾಗಿ, “ಬಿ ಬಂದಿದೆ, ದುಮ್ಲಾವ್” ಎಂದು ಭುಜ ತಟ್ಟಿದ್ದರು. ಅಷ್ಟು ಸಾಕೆಂದು ಅವನು ಕಂಪ್ಯೂಟರಿನಲ್ಲಿ ನೋಡಲೂ ಹೋಗಿರಲಿಲ್ಲ. ಅವನ ಬದುಕಿನಲ್ಲಿ ಮರೆಯಲಾಗದ ಟರ್ಮು ಅದೊಂದೇ. ಅವನ ಹೆಂಡತಿ ರೆಮೆದಿಯೋಸ್, ಎಲ್ಲರ ಬಾಯಲ್ಲಿ ರೆಮಿ, ಆ ಕ್ಲಾಸಿನಲ್ಲಿ ಅವನ ಪಕ್ಕದಲ್ಲೇ ಕೂತಿದ್ದಳು. ಆಗಸ್ಟಿನಿಂದ ಅಕ್ಟೋಬರಿನ ತನಕ ಕೂತಿದ್ದಳು. ನವೆಂಬರಿನಲ್ಲಿ ತೀರಿಕೊಂಡಳು.

“ಏನಾಯ್ತೋ ಪ್ರುಡೆನ್? ಮುಖ ಯಾಕೆ ಹಾಗಾಯ್ತು?”

ಬೇಲಿಯಾಚೆಯಿಂದ ಕೇಳಿದವಳು ಮನಾಂಗ್ ಫೆಲಿಸಾ. ಮನಾಂಗ್ ಎಂದರೆ ಅಕ್ಕ. ಅವಳು ಬೀದಿಗೆಲ್ಲ ಅಕ್ಕ. ನಮ್ಮ ಬೀದಿಯಲ್ಲಿ ಯಾರ ಮುಖ ಎಷ್ಟು ಹೊತ್ತಿಗೆ ಹೇಗಾಯಿತು ಎಂಬ ಲೆಕ್ಕ ಅವಳ ಬಳಿ ಇರುತ್ತದೆ.

“ಏನಿಲ್ಲ ಮನಾಂಗ್. ಸ್ಟ್ಯಾಟ್ ಕಾಣ್ತಿಲ್ಲವಂತೆ.”

“ಕಾಣ್ತಿಲ್ವಾ? ಕದ್ರಾ?”

ಇಷ್ಟು ಸಾಕಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಪ್ರುಡೆನ್ಸಿಯೊ ಬಾಯಿ ಮುಕ್ಕಳಿಸಿ, ಶರ್ಟು ತೊಟ್ಟು, ಟ್ರಕ್ಕಿನ ಕೀಲಿ ಹುಡುಕುವಷ್ಟರಲ್ಲಿ ಎದುರು ಮನೆಯ ಮನೋಂಗ್ ಬೆರ್ತೊ, ಅಂದರೆ ಬೆರ್ತಣ್ಣ, ಒಂದು ರಟ್ಟಿನ ಹಲಗೆ ಹಿಡಿದು ಅಂಗಳದಲ್ಲಿ ನಿಂತಿದ್ದ. ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ‘ಪ್ರುಡೆನ್‌ಗೆ ನ್ಯಾಯ ಕೊಡಿ’ ಎಂದಿತ್ತು. ಬೆರ್ತೊನ ಅಪ್ಪ ಹಿಂದೆ ದ್ರಾಕ್ಷಿತೋಟದ ಕೂಲಿಗಳ ಮುಷ್ಕರದಲ್ಲಿ ಭಾಗವಹಿಸಿದ್ದನಂತೆ. ಆಗ ಬೆರ್ತೊ ತೊಟ್ಟಿಲಲ್ಲಿದ್ದ. ತಪ್ಪಿಹೋದ ಆ ಮುಷ್ಕರವನ್ನು ಅವನು ಇವತ್ತಿನವರೆಗೂ ಹುಡುಕುತ್ತಲೇ ಇದ್ದಾನೆ.

“ಮನೋಂಗ್, ಇದು ಆಫೀಸಿನವರ ತಪ್ಪಿರಬಹುದು ಅಷ್ಟೆ. ನಾನೊಬ್ನೇ ಹೋಗಿ ಕೇಳಿ ಬರ್ತೀನಿ.”

“ಒಬ್ಬೊಬ್ರೇ ಹೋಗಿದ್ದಕ್ಕೇ ನಾವು ಹೀಗಿರೋದು. ಹತ್ತು, ಗಾಡಿ ಹತ್ತು!”

ಫೆಲಿಸಾ ಆಗಲೇ ಟ್ರಕ್ಕಿನಲ್ಲಿ ಕೂತಿದ್ದಳು. ತೊಡೆಯ ಮೇಲೆ ಅಲ್ಯುಮಿನಿಯಂ ತಟ್ಟೆ, ಅದರ ತುಂಬ ಎಣ್ಣೆಯಲ್ಲಿ ಕರಿದ ಬಿಸಿ ಬಿಸಿ ಲುಂಪಿಯಾ ಸುರುಳಿಗಳು. ಬರಿಗೈಯಲ್ಲಿ ಆಫೀಸಿಗೆ ಹೋಗುವವರಿಗೆ ಕೆಲಸ ಆಗುವುದಿಲ್ಲ ಎಂಬುದು ಅವಳ ಸಿದ್ಧಾಂತ.

ಹೊರಡುವ ಮುಂಚೆ ಪ್ರುಡೆನ್ಸಿಯೊ ಒಳಗೆ ಹೋಗಿ ರೆಮಿಯ ಪಟದ ಮುಂದೆ ಒಂದು ನಿಮಿಷ ನಿಂತ. ಪಟದ ಪಕ್ಕದಲ್ಲಿ ಗಾಜಿನ ಚೌಕಟ್ಟಿನೊಳಗೆ ರೆಮಿಯ ಕಮ್ಯುನಿಟಿ ಕಾಲೇಜಿನ ಡಿಗ್ರಿ ಸರ್ಟಿಫಿಕೇಟು. ಅವಳು ಹೋಗಿ ಏಳು ತಿಂಗಳಾದ ಮೇಲೆ ಅಂಚೆಯಲ್ಲಿ ಬಂದದ್ದು. ಅವಳಿಗೆ ಒಂದೇ ಒಂದು ವಿಷಯ ಬಾಕಿ ಇತ್ತು. ಆದರೂ ಕಾಲೇಜಿನವರು ದೊಡ್ಡ ಮನಸ್ಸು ಮಾಡಿ, ಸತ್ತವಳೆಂದು ಕನಿಕರಪಟ್ಟು, ಡಿಗ್ರಿ ಕೊಟ್ಟಿದ್ದರು. ಆ ದಿನ ಪ್ರುಡೆನ್ಸಿಯೊ ಲಕೋಟೆ ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತಿದ್ದ. ಮರುದಿನ ಬಾಳೆಲೆಯಲ್ಲಿ ಬೇಯಿಸಿದ ಬಿಬಿಂಕ ಸಿಹಿಯನ್ನು ಒಂದು ತಟ್ಟೆ ತುಂಬ ಮಾಡಿ, ‘ಧನ್ಯವಾದ, ದುಮ್ಲಾವ್’ ಎಂದು ಚೀಟಿ ಸಿಕ್ಕಿಸಿ ಕಾಲೇಜಿನ ದಾಖಲೆ ಆಫೀಸಿನ ಕಿಟಕಿಯಲ್ಲಿ ಇಟ್ಟು ಓಡಿ ಬಂದಿದ್ದ. ಸರ್ಟಿಫಿಕೇಟಿನ ಒಂದು ಪ್ರತಿ ಸಮುದ್ರದಾಚೆ ತವರುನಾಡಾದ ಇಲೋಕೋಸಿನಲ್ಲಿರುವ ರೆಮಿಯ ತಾಯಿಗೆ ಹೋಯಿತು. ಎಂಬತ್ತಾರು ವರ್ಷದ ಮುದುಕಿ ಹಂದಿ ಕೊಯ್ಯಿಸಿ ಊರಿಗೆಲ್ಲ ಊಟ ಹಾಕಿಸಿದಳು. ಅವರ ವಂಶದಲ್ಲಿ ಅದು ಮೊದಲನೇ ಡಿಗ್ರಿ.

ನಮ್ಮ ಬೀದಿಯ ಮಕ್ಕಳನ್ನು ಪರೀಕ್ಷೆಯ ದಿನ ಈ ಚೌಕಟ್ಟು ಮುಟ್ಟಿಸಿಯೇ ಶಾಲೆಗೆ ಕಳಿಸುವುದು. ಈ ಪದ್ಧತಿ ಹಾಕಿಕೊಟ್ಟವಳೂ ಫೆಲಿಸಾನೇ.

“ಬಂದ್ಬಿಡ್ತೀನಿ ರೆಮಿ,” ಎಂದ ಪ್ರುಡೆನ್ಸಿಯೊ. “ನಿನ್ನ ಆಣೆ ಪೂರೈಸೋಕೆ ಇನ್ನು ಒಂದೇ ದಿನ.”

ಆಸ್ಪತ್ರೆಯಲ್ಲಿ ಅವಳು ಹಾಕಿಸಿಕೊಂಡ ಆಣೆ ಅದು. ಏನೇ ಆಗಲಿ ಪರೀಕ್ಷೆ ಬರೀಬೇಕು, ಏನೇ ಆಗಲಿ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಮಣ್ಣಿನ ಬಗ್ಗೆ ಯಾರೋ ಬಿಳಿ ಅಂಗಿಯವರು ಬಂದು ನಿನಗೆ ಪಾಠ ಹೇಳಬಾರದು, ನೀನೇ ಅವರಿಗೆ ಹೇಳಬೇಕು. ಹೀಗೆಲ್ಲ ಹೇಳಿ ಅವಳು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದಳು.

*

ಕಾಲೇಜಿನ ಸಲಹಾ ವಿಭಾಗದಲ್ಲಿ ಟೋಕನ್ ತೆಗೆದುಕೊಳ್ಳಬೇಕು. ಅದಕ್ಕೇ ಹನ್ನೆರಡರ ತನಕ ಸಾಲಿನಲ್ಲಿ ನಿಲ್ಲಬೇಕಾಯಿತು. ಪ್ರುಡೆನ್ಸಿಯೊಗೆ ಬಂದದ್ದು ಎಂಬತ್ತನಾಲ್ಕು. ಗೋಡೆಯ ಮೇಲಿನ ಕೆಂಪು ಅಂಕಿ ಮೂವತ್ತೊಂದು ಎನ್ನುತ್ತಿತ್ತು. ಅದು ಮೂವತ್ತೆರಡಾಗಲು ಇಪ್ಪತ್ತು ನಿಮಿಷ ಹಿಡಿಯಿತು.

“ಐವತ್ತು ಜನ ಇಪ್ಪತ್ತು ನಿಮಿಷಕ್ಕೊಬ್ಬರಂತೆ ಹೋದ್ರೆ...” ಬೆರ್ತೊ ಬೆರಳು ಮಡಿಸಿದ. “ನಿಂಗೆ ಸ್ಟ್ಯಾಟ್ ಬರತ್ತಲ್ಲ, ನೀನೇ ಹೇಳು.”

“ನಾಳೆ ಆಗತ್ತೆ, ಮನೋಂಗ್.”

ಅಷ್ಟರಲ್ಲಿ ತೋಟದ ಯಜಮಾನನ ಫೋನು ಬಂತು. ನಾಲ್ಕನೇ ಪಂಪು ನಿಂತಿದೆ, ನೀನೆಲ್ಲಿದ್ದೀಯ? ಪ್ರುಡೆನ್ಸಿಯೊ ಹಲ್ಲುನೋವು ಎಂದ. ಆಗಲೇ ಗೋಡೆಯ ಧ್ವನಿವರ್ಧಕ ‘ಟೋಕನ್ ಸಂಖ್ಯೆ ಮೂವತ್ಮೂರು’ ಎಂದು ಕೂಗಿತು. ಯಾವ ದಂತವೈದ್ಯನ ಬಳಿ ಇಷ್ಟು ಜನ ಎಂದು ಯಜಮಾನ ಕೇಳಿದ. ಫೋನು ತಾನಾಗಿ ಕಟ್ ಆದಂತೆ ಪ್ರುಡೆನ್ಸಿಯೊ ಅದನ್ನು ಕಟ್ ಮಾಡಿದ.

ಫೆಲಿಸಾಗೆ ಸಹನೆ ಮುಗಿಯಿತು. ಹೋಗಿ ಬಾಗಿಲಾಚೆಯ ಜಗಲಿಯ ಮೇಲೆ ತಟ್ಟೆಯ ಮುಚ್ಚಳ ತೆಗೆದಳು. ಬೆಳ್ಳುಳ್ಳಿಯ ಘಮ ತೆರೆದ ಬಾಗಿಲಿನಿಂದ ಒಳಗೆ ಬಂತು. ಬೆಳಿಗ್ಗೆಯಿಂದ ಖಾಲಿ ಹೊಟ್ಟೆಯಲ್ಲಿ ಕೂತಿದ್ದ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದರು. ಮೂವತ್ನಾಲ್ಕು ಎಂದು ಕರೆದಾಗ ಮೂವತ್ನಾಲ್ಕರ ಬಾಯಲ್ಲಿ ಲುಂಪಿಯಾ ಇತ್ತು. ಮೂವತ್ತೈದು ಎರಡನೇ ಸಲ ಕೈ ಚಾಚುತ್ತಿದ್ದ. ಕರೆದವರು ಬಾರದಿದ್ದರೆ ಆ ಯಂತ್ರ ತಾನಾಗಿ ಮುಂದಿನ ಅಂಕಿಗೆ ಹಾರುತ್ತದೆ. ಹಾರುತ್ತ ಹಾರುತ್ತ ಕಾಲು ಗಂಟೆಯಲ್ಲಿ ಎಂಬತ್ತನಾಲ್ಕಕ್ಕೆ ಬಂತು.

“ಹೋಗು,” ಎಂದು ಫೆಲಿಸಾ ಕಿಟಕಿಯಿಂದ ಕಣ್ಣು ಹೊಡೆದಳು.

ಒಳಗಿದ್ದ ಸಲಹೆಗಾರನಿಗೆ ಮೀಸೆ ಈಗಷ್ಟೇ ಮೂಡಿತ್ತು. ಅವನು ಪರದೆ ನೋಡಿ ನೋಡಿ ತಲೆಯಾಡಿಸಿದ.

“ನೀವು ಆ ಕ್ಲಾಸಿಗೆ ಸೇರೇ ಇಲ್ಲ ಸರ್.”

“ಸೇರಿದ್ದೆ. ಮಂಗಳವಾರ, ಗುರುವಾರ. ಕೊನೇ ಸಾಲು.”

“ಇಲ್ಲಿ ಕಾಣ್ತಿಲ್ಲ. ಕಾಣದೆ ಇದ್ರೆ ಸೇರಿಲ್ಲ ಅಂತ ಅರ್ಥ.”

“ನಾನು ಕಾಣ್ತಿದೀನಲ್ಲಪ್ಪ?”

ಹುಡುಗ ಪಾಪ, ಒಳ್ಳೆಯವನು. ಪಾಠ ಮಾಡಿದ ಮೇಷ್ಟ್ರನ್ನೇ ಕೇಳಿ, ಅವರು ಗ್ರೇಡು ಕೊಟ್ಟದ್ದು ಹೌದು ಎಂದರೆ ದಾಖಲೆ ಆಫೀಸಿನ ಪೌಲಾ ಮೇಡಂ ಹುಡುಕಿ ಕೊಡುತ್ತಾರೆ ಎಂದ. ಆದರೆ ಕಜಾರಿಯನ್ ಮೇಷ್ಟ್ರು ಹೋದ ವರ್ಷ ನಿವೃತ್ತರಾಗಿದ್ದರು. ಹದಿನೆಂಟು ಮೈಲಿಯಾಚೆ ದಾಳಿಂಬೆ ತೋಟ. ಫೋನು ಎತ್ತುವ ಅಭ್ಯಾಸ ಇಲ್ಲ.

ಪ್ರುಡೆನ್ಸಿಯೊ ಹೊರಗೆ ಓಡಿದ. ಟ್ರಕ್ಕು ನಿಂತಿದ್ದಲ್ಲೇ ಇತ್ತು, ಆದರೆ ದಾರಿ ಇರಲಿಲ್ಲ. ಲುಂಪಿಯಾ ತಿಂದು ಉಪಕಾರಸ್ಮರಣೆ ಉಕ್ಕಿದ್ದ ನಲವತ್ತು ವಿದ್ಯಾರ್ಥಿಗಳು ಬೆರ್ತೊನ ಹಲಗೆಯ ಹಿಂದೆ ಸಾಲುಗಟ್ಟಿ ರಸ್ತೆಗೆ ಅಡ್ಡ ನಿಂತಿದ್ದರು.

“ಪ್ರುಡೆನ್‌ಗೆ?” ಎಂದು ಬೆರ್ತೊ ಕೂಗಿದ.

“ನ್ಯಾಯ ಕೊಡಿ!”

“ಸ್ವಲ್ಪ ದಾರಿ ಬಿಡಿ,” ಎಂದು ಪ್ರುಡೆನ್ಸಿಯೊ ಕಿಟಕಿಯಿಂದ ತಲೆ ಹಾಕಿ ಕೈಮುಗಿದ. “ಅರ್ಜೆಂಟ್ ಇದೆ.”

ಕಿವಿಗೆ ಓಲೆ ಹಾಕಿದ್ದ ಒಬ್ಬ ಯುವಕ ಟ್ರಕ್ಕಿನ ಮೂತಿಯ ಮೇಲೆ ಕೈಯಿಟ್ಟ. “ಅಂಕಲ್, ನಾಚಿಕೆ ಆಗಲ್ವಾ? ಅಲ್ಲಿ ಪ್ರುಡೆನ್ ಅನ್ನೋ ಬಡಪಾಯಿ ಅನ್ಯಾಯಕ್ಕೆ ಸಿಕ್ಕಿ ಒದ್ದಾಡ್ತಿದಾನೆ, ನಿಮಗೆ ನಿಮ್ಮ ಅರ್ಜೆಂಟು!”

“ನಾನೇ ಪ್ರುಡೆನ್.”

“ಎಲ್ರೂ ಹಾಗೇ ಅಂತಾರೆ,” ಎಂದ ಯುವಕ. ಹಿಂದಿದ್ದವರು ಅದನ್ನೇ ಹೊಸ ಘೋಷಣೆ ಎಂದುಕೊಂಡು ‘ನಾನೇ ಪ್ರುಡೆನ್, ನಾನೇ ಪ್ರುಡೆನ್’ ಎಂದು ಕೂಗತೊಡಗಿದರು.

ಕಾಲೇಜಿನ ಕಾವಲುಗಾರ ಬಂದು, ಯಾರು ಇದರ ಮುಖಂಡ ಎಂದು ಕೇಳಿ, ನಲವತ್ತು ಪ್ರುಡೆನ್‌ಗಳ ಹೆಸರು ಬರೆದುಕೊಂಡು ದಾರಿ ಬಿಡಿಸುವ ಹೊತ್ತಿಗೆ ಎರಡೂಮುಕ್ಕಾಲು. ಬೆರ್ತೊ ಬೆವರು ಒರೆಸಿಕೊಳ್ಳುತ್ತ ಟ್ರಕ್ಕು ಹತ್ತಿದ. ಅವನ ಮುಖದಲ್ಲಿ ಅಂಥ ಸಂತೋಷವನ್ನು ನಮ್ಮ ಬೀದಿ ಯಾವತ್ತೂ ಕಂಡಿರಲಿಲ್ಲ. ಬಯ್ಯಬೇಕೆಂದು ಬಾಯಿ ತೆರೆದ ಪ್ರುಡೆನ್ಸಿಯೊ ಗಾಡಿ ಸ್ಟಾರ್ಟ್ ಮಾಡಿದ.

*

ಮೇಷ್ಟ್ರ ತೋಟದ ಗೇಟಿನಲ್ಲಿ ಕರುವಿನಷ್ಟು ದೊಡ್ಡ ನಾಯಿ ಇತ್ತು. ಅದು ಪ್ರುಡೆನ್ಸಿಯೊನನ್ನು ಮೂಸಿ, ದುಃಖದ ವಾಸನೆ ಬಂತೋ ಏನೋ, ಬಾಲವಾಡಿಸಿತು. ಫೆಲಿಸಾ ಒಂದು ಕಾಲು ಕೆಳಗಿಟ್ಟದ್ದೇ ತಡ, ಬೊಗಳಿ ಅವಳನ್ನೂ ಬೆರ್ತೊನನ್ನೂ ಟ್ರಕ್ಕಿನೊಳಗೇ ಕೂರಿಸಿತು.

ಕಜಾರಿಯನ್ ಮೇಷ್ಟ್ರು ಏಣಿಯ ಮೇಲಿಂದ ಇಳಿದು ಬಂದರು. ಮೂವತ್ತೈದು ವರ್ಷ ಎಲ್ಲರನ್ನೂ ಮನೆತನದ ಹೆಸರಿನಲ್ಲೇ ಕರೆದವರು.

“ದುಮ್ಲಾವ್! ಹೇಗಿದೀರಿ? ಇನ್ನೊಬ್ರು ದುಮ್ಲಾವ್ ಎಲ್ಲಿ?”

“ಅವಳು ಇಲ್ಲ, ಸರ್. ಆಗಲೇ ಹೋದಳಲ್ಲ.”

“ಹೌದು, ಹೌದು. ಕ್ಷಮಿಸಿ. ವಯಸ್ಸಾಯ್ತು.” ಅವರು ಒಂದು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತರು. “ನೀವಿಬ್ರು ನಂಗೆ ಚೆನ್ನಾಗಿ ನೆನಪಿದೀರಿ. ಮೊದಲನೇ ದಿನ ಕ್ಲಾಸು ತುಂಬಿಹೋಗಿತ್ತು. ನನ್ನ ಹತ್ರ ಇದ್ದಿದ್ದು ಒಂದೇ ಸೇರ್ಪಡೆ ಚೀಟಿ. ನೀವಿಬ್ರೂ ಅದಕ್ಕೆ ಜಗಳ ಆಡಿದ್ರಿ. ಜನ ಚೀಟಿ ನಂಗೆ ನಂಗೆ ಅಂತ ಜಗಳ ಆಡ್ತಾರೆ. ನೀವು ನಿಂಗೆ ನಿಂಗೆ ಅಂತ ಆಡ್ತಿದ್ರಿ.”

ಪ್ರುಡೆನ್ಸಿಯೊಗೂ ನೆನಪಿತ್ತು. ಚೀಟಿಯ ಮೇಲಿನ ಆರಂಕಿಯನ್ನು ಕಂಪ್ಯೂಟರಿಗೆ ಹಾಕಿದವರಿಗೆ ಸೀಟು. ಒಂದು ಚೀಟಿ ಒಂದೇ ಸಲಕ್ಕೆ. ಕೊನೆಗೆ ರೆಮಿಯೇ ಗೆದ್ದಿದ್ದಳು. ‘ನೀನ್ ಸೇರ್ಕೊ. ನಾನು ಸುಮ್ನೆ ಪಕ್ಕದಲ್ಲಿ ಕೂತು ಕೇಳ್ತೀನಿ. ಮುಂದಿನ ಟರ್ಮಲ್ಲಿ ನಾನು ಸೇರ್ಕೊಂಡ್ರೆ ಆಯ್ತು’ ಎಂದಿದ್ದಳು. ಮನೆಯಲ್ಲಿ ಕಂಪ್ಯೂಟರಿನ ಕೆಲಸವೆಲ್ಲ ಅವಳದೇ. ಅಂದು ಸಂಜೆ ಒಂದೇ ಬೆರಳಿನಲ್ಲಿ ಆರಂಕಿ ಒತ್ತಿ, ‘ಆಯ್ತು! ಇನ್ಮೇಲೆ ನೀನು ಸ್ಟ್ಯಾಟ್ ವಿದ್ಯಾರ್ಥಿ’ ಎಂದು ಅವನ ಬೆನ್ನಿಗೆ ಗುದ್ದಿದ್ದಳು.

“ನನಗೆ ಬಿ ಕೊಟ್ಟಿದ್ರಿ ಅಲ್ವಾ ಸರ್?”

“ಕೊಟ್ಟಿದ್ದೆ. ಒಂಬತ್ತನೇ ಪ್ರಶ್ನೆ ಮುಟ್ಟದೇ ಬಿಟ್ಟಿದ್ರಿ. ಇಲ್ದಿದ್ರೆ ಎ.”

“ಅದು ಅವಳಿಗೆ ಮಾತ್ರ ಅರ್ಥ ಆಗಿತ್ತು ಸರ್. ಹೇಳ್ಕೊಡ್ತೀನಿ ಅಂದಿದ್ಲು.”

ಮೇಷ್ಟ್ರು ಬಕೆಟ್ಟಿನ ಮೇಲಿಂದ ಎದ್ದರು. “ಪಟ್ಟಿಯಲ್ಲಿದ್ದ ದುಮ್ಲಾವ್‌ಗೆ ನಾನೇ ಕೈಯಾರೆ ಬಿ ಹಾಕಿದೀನಿ. ಅದು ಎಲ್ಲೂ ಹೋಗಿರಲ್ಲ. ಪೌಲಾಗೆ ಹೇಳಿ, ಕ್ಲಾಸಿನ ಪಟ್ಟಿ ತೆಗೆದು ನೋಡ್ಲಿ.”

“ಏನಂದ್ರು?” ಎಂದು ಫೆಲಿಸಾ ಟ್ರಕ್ಕಿನೊಳಗಿಂದ ಕೇಳಿದಳು. ಪ್ರುಡೆನ್ಸಿಯೊಗೆ ಕೈಗೆ ಸಿಗುವ ತನಕ ಬಾಯಿ ಬಿಡಬಾರದು ಎಂಬ ಭಯ.

“ಆಫೀಸಲ್ಲಿ ನೋಡಬೇಕಂತೆ,” ಎಂದಷ್ಟೇ ಹೇಳಿ ಗಾಡಿ ಓಡಿಸಿದ.

*

ದಾಖಲೆ ಆಫೀಸಿಗೆ ಬಂದಾಗ ನಾಲ್ಕು ಇಪ್ಪತ್ತು. ಫೆಲಿಸಾಳ ತಟ್ಟೆ ಖಾಲಿ, ಬೆರ್ತೊನ ಹೆಸರು ಕಾವಲುಗಾರನ ಪುಸ್ತಕದಲ್ಲಿ. ಹಾಗಾಗಿ ಇಬ್ಬರೂ ಟ್ರಕ್ಕಿನಲ್ಲೇ ಉಳಿದರು. ಪ್ರುಡೆನ್ಸಿಯೊ ಒಬ್ಬನೇ ಒಳಗೆ ಹೋದ.

ಪೌಲಾ ಟೆಶೇರಾ ಮೇಡಂ ಕನ್ನಡಕ ಏರಿಸಿ, ಆ ಟರ್ಮಿನ ಪಟ್ಟಿ ತೆಗೆದು, ಬೆರಳಿನಿಂದ ಸಾಲು ಹಿಡಿದು ಕೆಳಗಿಳಿದರು.

“ದುಮ್ಲಾವ್... ಇದೆಯಲ್ಲ! ಸಂಖ್ಯಾಶಾಸ್ತ್ರ, ಬಿ.”

ಪ್ರುಡೆನ್ಸಿಯೊ ಕಣ್ಣು ಮುಚ್ಚಿ ಎದೆಯ ಮೇಲೆ ಶಿಲುಬೆ ಬರೆದುಕೊಂಡ.

“ಆದ್ರೆ ಇದು ರೆಮೆದಿಯೋಸ್ ದುಮ್ಲಾವ್ ಅಂತ ಇದೆ. ಯಾರು?”

“ನನ್ನ ಹೆಂಡತಿ.”

“ಸೇರ್ಪಡೆ ಚೀಟಿ ಅವರ ಖಾತೆಗೆ ಬಿದ್ದಿದೆ ಸರ್. ಆಗಸ್ಟ್ ಇಪ್ಪತ್ತೊಂದು, ಸಂಜೆ ಏಳೂ ಮೂವತ್ತೆಂಟು. ಇಡೀ ಕ್ಲಾಸಲ್ಲಿ ದುಮ್ಲಾವ್ ಅಂತ ಇದ್ದಿದ್ದು ಅವರೊಬ್ರೇ. ನೀವು ಪಟ್ಟಿಯಲ್ಲೇ ಇಲ್ಲ.”

ಪ್ರುಡೆನ್ಸಿಯೊಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ರೆಮಿ ಕಂಪ್ಯೂಟರಿನಲ್ಲಿ ಒಂದು ಸಲ ತನ್ನ ಕಾಲೇಜಿನ ಖಾತೆ ತೆರೆದರೆ ಮುಚ್ಚುತ್ತಿರಲಿಲ್ಲ. ಮುಚ್ಚುವ ಗುಂಡಿ ಎಲ್ಲಿದೆಯೆಂದು ಅವನು ಎಷ್ಟು ಸಲ ತೋರಿಸಿದರೂ, ಮನೆಯಲ್ಲಿ ಇರೋದು ಇಬ್ಬರು, ಕಳ್ಳ ಯಾರು ಎನ್ನುತ್ತಿದ್ದಳು. ಅಂದು ಸಂಜೆಯೂ ಪರದೆಯ ಮೇಲೆ ಅವಳದೇ ಖಾತೆ ತೆರೆದಿತ್ತು. ಗಂಡನಿಗೆಂದು ಬಿಟ್ಟುಕೊಟ್ಟ ಸೀಟನ್ನು ಅವಳು ತನಗೇ ಹಾಕಿಕೊಂಡಿದ್ದಳು. ಆಮೇಲೆ ಅಕ್ಟೋಬರಿನ ತನಕ, ತಾನು ಬಿಟ್ಟಿಯಾಗಿ ಕೂತಿರುವವಳೆಂದು ಸಂಕೋಚಪಟ್ಟು ಬೆಂಚಿನ ತುದಿಯಲ್ಲಿ ಕೂತಿದ್ದಳು. ಬಿಟ್ಟಿ ಕೂತಿದ್ದವನು ಇವನು.

“ಈ ಬಿ ಬಂದ್ಮೇಲೆ ಅವರದ್ದು ಎಲ್ಲಾ ವಿಷಯನೂ ಪೂರ್ತಿ ಆಗಿದೆ,” ಎಂದರು ಪೌಲಾ. “ಪೂರ್ತಿ ಆದೋರಿಗೆ ಕಂಪ್ಯೂಟರ್ ತಾನೇ ಡಿಗ್ರಿ ಕಳಿಸಿಬಿಡತ್ತೆ. ಬಂದಿರಬೇಕಲ್ಲ?”

“ಬಂದಿದೆ.” ಅವನು ಮೇಜಿನ ಮೇಲೆ ಬಾಗಿದ. “ಅದು ನೀವು ಕನಿಕರ ಪಟ್ಟು ಕೊಟ್ಟಿದ್ದಲ್ವಾ?”

“ಕನಿಕರ ಯಾಕೆ?”

“ಅವಳು ತೀರ್ಕೊಂಡಳಲ್ಲ. ಪರೀಕ್ಷೆಗೆ ಮುಂಚೆನೇ.”

ಪೌಲಾ ಮೇಡಂ ಕನ್ನಡಕ ತೆಗೆದರು. “ಅಯ್ಯೋ. ನಮಗೆ ಯಾರೂ ತಿಳಿಸಲೇ ಇಲ್ಲ ಸರ್.” ಆಮೇಲೆ ಅವರಿಗೆ ಏನೋ ಹೊಳೆಯಿತು. “ಬಾಳೆಲೆ ಸಿಹಿ... ಧನ್ಯವಾದ, ದುಮ್ಲಾವ್. ಅದು ನೀವಾ? ಯಾರು, ಯಾಕೆ ಕಳಿಸಿದ್ರು ಅಂತ ತಲೆ ಕೆಡಿಸ್ಕೊಂಡು ತಿಂದಿದ್ವಿ.”

“ಚೆನ್ನಾಗಿತ್ತಾ?”

“ತುಂಬ ಚೆನ್ನಾಗಿತ್ತು.”

ಆಮೇಲೆ ಪೌಲಾ ಒಂದು ಹಳದಿ ಹಾಳೆ ತೆಗೆದು ಮುಂದಿಟ್ಟರು. ಗ್ರೇಡನ್ನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಬದಲಾಯಿಸುವ ಅರ್ಜಿ. ಕೆಳಗೆ ಎರಡು ಸಹಿಗೆ ಜಾಗ.

“ಮಾಮೂಲಿಗೆ ಇಬ್ಬರ ಸಹಿನೂ ಬೇಕು. ಇಂಥ ಸಂದರ್ಭದಲ್ಲಿ ನಿಮ್ಮದೊಂದೇ ಸಾಕು. ಮರಣಪತ್ರ ನಾಳೆ ತಂದ್ಕೊಡಿ, ನಾನು ಮೇಷ್ಟ್ರಿಗೆ ಹೇಳಿ ಬರೆಸ್ಕೋತೀನಿ. ಹತ್ತು ನಿಮಿಷದ ಕೆಲಸ. ಐದಕ್ಕೆ ಮುಂಚೆ ವಿಶ್ವವಿದ್ಯಾಲಯಕ್ಕೆ ಹೋಗಿರತ್ತೆ.”

ಪ್ರುಡೆನ್ಸಿಯೊ ಪೆನ್ನು ತೆಗೆದುಕೊಂಡ. ‘ಪ್ರು’ ಎಂದು ಬರೆದ.

“ಅವಳ ಡಿಗ್ರಿ?”

ಪೌಲಾ ಮೇಡಂ ಮೇಜಿನ ಅಂಚು ಒರೆಸಿದರು. “ಒಂದು ವಿಷಯ ಕಮ್ಮಿ ಆಗತ್ತಲ್ಲ ಸರ್. ರದ್ದಾಗತ್ತೆ. ಸರ್ಟಿಫಿಕೇಟ್ ವಾಪಸ್ ಕೊಡಬೇಕು.”

“ಇಬ್ರೂ ಇಟ್ಕೊಳ್ಳೋಕೆ ಬರಲ್ವಾ? ಒಂದೇ ಬೆಂಚಲ್ಲಿ ಕೂತಿದ್ವಿ ಮೇಡಂ. ಒಂದೇ ಪುಸ್ತಕ.”

“ಒಂದು ಚೀಟಿಗೆ ಒಂದೇ ಗ್ರೇಡು.”

ಹೊರಗೆ ಟ್ರಕ್ಕಿನ ಹಾರ್ನು ಕೇಳಿಸಿತು. ಫೆಲಿಸಾ ಗಡಿಯಾರ ನೋಡುತ್ತಿದ್ದಳು. ಪ್ರುಡೆನ್ಸಿಯೊ ಮನೆಯ ಆ ಗೋಡೆಯನ್ನು ನೆನೆದ. ಚೌಕಟ್ಟು ತೆಗೆದರೆ ಅಲ್ಲೊಂದು ಬಿಳಿ ಚೌಕ ಉಳಿಯುತ್ತದೆ. ಇಲೋಕೋಸಿನ ಮುದುಕಿಗೆ ಏನೆಂದು ಬರೆಯುವುದು? ನಿಮ್ಮ ಮಗಳದಲ್ಲ, ಅದು ನನ್ನದು, ಗೋಡೆಯಿಂದ ಕೆಳಗಿಳಿಸಿ ಎಂದೇ? ಇಪ್ಪತ್ತೆರಡು ವರ್ಷ ದ್ರಾಕ್ಷಿ ಪೆಟ್ಟಿಗೆ ತುಂಬಿ ತುಂಬಿ ಬೆರಳು ಸೊಟ್ಟಗಾಗಿದ್ದ ಹೆಂಗಸು. ಆ ಸೊಟ್ಟ ಬೆರಳಿನಲ್ಲೇ ಆರಂಕಿ ಒತ್ತಿದ್ದಳು. ಅವಳಿಗೆ ಸಿಕ್ಕದ್ದು ಅದೊಂದೇ, ಅದೂ ಅವಳಿಗೆ ಗೊತ್ತಾಗಲಿಲ್ಲ.

“ಸರ್,” ಎಂದರು ಪೌಲಾ ಮೆಲ್ಲಗೆ. “ಅವರಿಗೆ ಅದರಿಂದ ಇನ್ನೇನೂ ಆಗಬೇಕಾಗಿಲ್ಲ. ನಿಮಗೆ ಆಗಬೇಕು.”

“ನೀವು ಹೇಳೋದು ಸರಿ,” ಎಂದ ಪ್ರುಡೆನ್ಸಿಯೊ. ಮತ್ತೆ, “ನೀವು ಹೇಳೋದು ಸರಿಯೇ,” ಎಂದು ಪೆನ್ನಿನ ಮುಚ್ಚಳ ಹಾಕಿದ.

“ನೀವಾಗಿ ಕೇಳದೆ ನಾನೇನೂ ಬದಲಾಯಿಸೋಕಾಗಲ್ಲ.”

“ನಾನು ಕೇಳ್ತಿಲ್ಲ ಮೇಡಂ.”

ಗಡಿಯಾರದಲ್ಲಿ ನಾಲ್ಕೂ ಐವತ್ತೆರಡು. ಅವನು ಎದ್ದು ಹೋಗಲಿಲ್ಲ. ಪೌಲಾ ಮೇಡಮ್ಮೂ ಹಾಳೆಯನ್ನು ಒಳಗೆ ಇಡಲಿಲ್ಲ. ಐದು ಹೊಡೆದ ಮೇಲೂ ಎರಡು ನಿಮಿಷ ಕಾದು, ಕಿಟಕಿಯ ಪರದೆ ಎಳೆಯುವ ಮೊದಲು ಕೇಳಿದರು: “ಆಗಸ್ಟ್‌ನಲ್ಲಿ ಮತ್ತೆ ಸೇರ್ತೀರಾ? ಕ್ಲಾಸ್ ತುಂಬಿದೆ. ಕಾಯೋರ ಪಟ್ಟಿಯಲ್ಲಿ ಹದಿನೇಳನೇ ಹೆಸರಾಗತ್ತೆ.”

“ಬರ್ಕೊಳ್ಳಿ,” ಎಂದ ಪ್ರುಡೆನ್ಸಿಯೊ. “ಪೂರ್ತಿ ಹೆಸರು ಬರ್ಕೊಳ್ಳಿ.”

*

ಟ್ರಕ್ಕಿನಲ್ಲಿ ಅವನು ಒಂದೇ ಮಾತು ಹೇಳಿದ. “ನನ್ನ ಹೆಸರಲ್ಲಿ ಗ್ರೇಡೇ ಇಲ್ಲ ಮನಾಂಗ್.”

ಅದು ಸುಳ್ಳಲ್ಲ. ಮಿಕ್ಕದ್ದನ್ನು ಫೆಲಿಸಾ ತಾನೇ ತುಂಬಿಕೊಂಡಳು.

“ಅಂದ್ರೆ ಫೇಲು! ಮೂರು ವರ್ಷದಿಂದ ಬಿ, ಬಿ ಅಂತ ಬೀದಿ ತುಂಬ ಹೇಳ್ಕೊಂಡು ತಿರುಗಿದ್ಯಲ್ಲೋ! ನಾನು ನೂರು ಲುಂಪಿಯಾ ಸುಟ್ಟೆ!”

“ನನ್ನ ಹೆಸರು ಪೊಲೀಸ್ ಪುಸ್ತಕದಲ್ಲಿ ಹೋಯ್ತು,” ಎಂದ ಬೆರ್ತೊ. ಅವನ ದನಿಯಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚಿತ್ತು. “ಅದೂ ಫೇಲಾದೋನಿಗೋಸ್ಕರ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಇಂಥವರಿಗೇ ಹೇಳುವುದು. ಆದರೆ ತುತ್ತನ್ನು ತಾನೇ ಎತ್ತಿ ಬೇರೆಯವರ ಎಲೆಗೆ ಇಟ್ಟವನಿಗೆ ಏನು ಹೇಳುತ್ತಾರೆ, ನನಗೆ ತಿಳಿಯದು.

ಗೆದ್ದು ಬರುವನೆಂದು ಫೆಲಿಸಾಳ ಸೊಸೆ ಪಾನ್ಸಿತ್ ಶಾವಿಗೆ ಬೇಯಿಸಿಟ್ಟಿದ್ದಳು. ಬೇಯಿಸಿದ್ದನ್ನು ಚೆಲ್ಲುವುದುಂಟೆ? ಸೋಲಿಗೂ ಅದನ್ನೇ ಬಡಿಸಿದರು. ಮೊದಲ ತಟ್ಟೆ ಪದ್ಧತಿಯಂತೆ ರೆಮಿಯ ಪಟದ ಮುಂದೆ ಎಡೆಯಾಗಿ ಹೋಯಿತು. ತೋಟದ ಯಜಮಾನ ಫೋನು ಮಾಡಿ, ಹಲ್ಲು ಕೀಳಿಸಿದ್ದು ಸಾಕು, ಬೆಳಿಗ್ಗೆ ಐದಕ್ಕೆ ಪಂಪಿನ ಹತ್ತಿರ ಇರು ಎಂದ. ಪ್ರುಡೆನ್ಸಿಯೊ ಆಗಲಿ ಎಂದ. ಅವನಿಗೆ ಹಸಿವಿರಲಿಲ್ಲ, ಆದರೂ ತಿಂದ. ಅಳು ಬರುವಂತಾದಾಗ ಬಾಯಿ ತುಂಬ ಶಾವಿಗೆ ತುಂಬಿಕೊಂಡ.

ಫೆಲಿಸಾಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವನ ಗಲ್ಲ ಹಿಡಿದು ಗೋಡೆಯ ಕಡೆ ತಿರುಗಿಸಿದಳು.

“ನೋಡೋ ಇವಳನ್ನ, ನೋಡಿ ಕಲ್ತ್ಕೊ. ಮೈಯಲ್ಲಿ ಶಕ್ತಿ ಇಲ್ದೆ ಅರ್ಧ ಟರ್ಮ್ ಕೂತ್ಲು, ಪರೀಕ್ಷೆಗೆ ಹೋಗದೇನೇ ಪಾಸಾದ್ಲು. ನೀನು ಕಲ್ಲುಗುಂಡಿನ ಥರ ಪೂರ್ತಿ ಟರ್ಮ್ ಕೂತು, ಪರೀಕ್ಷೆ ಬರೆದು, ಫೇಲು! ಸತ್ತೋಳು ಪಾಸು, ಬದುಕಿರೋನು ಫೇಲು!”

“ಹೌದು ಮನಾಂಗ್,” ಎಂದ ಪ್ರುಡೆನ್ಸಿಯೊ. “ಅವಳು ಜಾಣೆ.”

“ಜಾಣೆ ಅಂದ್ರೆ ಸಾಲದು. ನೀನು ಯಾವತ್ತಾದ್ರೂ ಆ ಸರ್ಟಿಫಿಕೇಟ್ ಮುಟ್ಟಿ ಪರೀಕ್ಷೆಗೆ ಹೋಗಿದೀಯಾ? ಬೀದಿ ಮಕ್ಕಳೆಲ್ಲ ಮುಟ್ಟಿ ಹೋಗ್ತಾರೆ, ಮನೆಯವನಿಗೆ ಮಾತ್ರ ಜಂಬ. ಏಳು. ಈಗ್ಲೇ ಮುಟ್ಟು.”

ಪ್ರುಡೆನ್ಸಿಯೊ ಎದ್ದ. ಕೈಯ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡ. ಗಾಜಿನ ಮೇಲೆ ಅಂಗೈ ಇಟ್ಟು, ಅದನ್ನು ಹಣೆಗೆ ಒತ್ತಿಕೊಂಡ.

“ಹಾಗಲ್ಲ,” ಎಂದು ಫೆಲಿಸಾ ಹಿಂದಿನಿಂದ ಗದರಿದಳು. “ಇನ್ನೂ ಸ್ವಲ್ಪ ಹೊತ್ತು ಇಡು. ಅವಳದ್ದು ನಿನಗೂ ಒಂದು ಚೂರು ಅಂಟಲಿ.”